ಬಲಗಣ್ಣಿನ ಕೆಂಪು

ಡಿಸೆಂಬರಿನ ಒಂದು ಸಂಜೆ, ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಹಣ್ಣು ತೂಗಿಸುತ್ತಿದ್ದೆ. ತೋಟದ ಲೆಕ್ಕ ಬರೆಯುವ ರೈಟರ್ ನಾನು. ಎಡಗಣ್ಣಿಗೆ ಧೂಳು ಬಿತ್ತು. ಅದನ್ನು ಉಜ್ಜಿಕೊಳ್ಳುತ್ತಾ ಬಲಗಣ್ಣಿನಲ್ಲೇ ಮುಂದಿನ ಚೀಲ ನೋಡಿ, "ಇಷ್ಟು ದೋರೆಗಾಯಿ ಯಾಕೆ ಕೊಯ್ದಿದ್ದೀರಿ?" ಎಂದು ರೇಗಿದೆ. ಚೀಲದಾಕೆ ಒಂದು ಹಿಡಿ ಎತ್ತಿ ತೋರಿಸಿ, "ಎಲ್ಲ ಹಣ್ಣೇ, ರೈಟರೇ. ಸರಿಯಾಗಿ ನೋಡಿ" ಎಂದಳು. ಎಡಗಣ್ಣು ತೆರೆದರೆ ಅಚ್ಚಗೆಂಪು. ಬಲಗಣ್ಣಿಗೆ ಮಾತ್ರ ಅದೇ ಹಣ್ಣು ಒಗೆದೊಗೆದು ಬಣ್ಣ ಬಿಟ್ಟ ರವಿಕೆಯಂತೆ. ಕಣ್ಣು ಹೊರಳಿಸಿದರೆ ನೋವು ಎರಡು ದಿನದಿಂದ ಇತ್ತು, ನೆಗಡಿ ಎಂದುಕೊಂಡಿದ್ದೆ.

ಹಾಸನದ ವೈದ್ಯರು ಕಣ್ಣಿನ ನರದ ಉರಿಯೂತ ಎಂದರು. ಪರದೆಯ ಮೇಲೆ ಕಪ್ಪು ಬಿಳಿ ಚೌಕಗಳು ಅದಲುಬದಲಾಗುತ್ತಿದ್ದಂತೆ, ತಲೆಯ ಹಿಂದೆ ಅಂಟಿಸಿದ ತಂತಿಗಳಿಂದ ಸುದ್ದಿ ಮೆದುಳು ಮುಟ್ಟುವ ಹೊತ್ತನ್ನು ಅಳೆದರು. ಸುಮಾರು 100 ಮಿಲಿಸೆಕೆಂಡ್ ಸಾಕಂತೆ. ನನ್ನ ಬಲಗಣ್ಣಿನದು ತಡ. ನರದ ಎಳೆಗಳಿಗೆ ಸುತ್ತಿದ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ದೇಹದ ಕಾವಲು ಪಡೆಯೇ ಕಿತ್ತಿತ್ತು. ಹೊದಿಕೆಯ ನಡುನಡುವೆ ಸಣ್ಣ ಸಂದುಗಳಿರುತ್ತವೆ. ಸುದ್ದಿ ಸಂದಿನಿಂದ ಸಂದಿಗೆ ನೆಗೆಯುತ್ತದೆ. ಹೊದಿಕೆ ಹೋದರೆ ತೆವಳುತ್ತದೆ, ಇಲ್ಲವೇ ನಿಂತೇ ಬಿಡುತ್ತದೆ.

ಮೆದುಳು, ಬೆನ್ನುಹುರಿಗಳಲ್ಲಿ ಈ ಹೊದಿಕೆಯನ್ನು ಸುತ್ತುವ ಕೋಶ ಆಲಿಗೋಡೆಂಡ್ರೋಸೈಟ್. ಕಣ್ಣಿನ ನರ ಮೆದುಳಿನದೇ ಚಾಚು, ಹಾಗಾಗಿ ಅಲ್ಲಿಯೂ ಇದರದ್ದೇ ಕೆಲಸ. ಹೆಸರಿನ ಅರ್ಥ 'ಕೆಲವೇ ಕೊಂಬೆಗಳ ಕೋಶ'. ಬೆಳ್ಳಿಯ ಲವಣದ ಬಣ್ಣ ಹಾಕಿ ಇದನ್ನು ಗುರುತಿಸಿದ ಸ್ಪೇನಿನ ವಿಜ್ಞಾನಿ ಹೊರ್ಟೆಗ 1921ರಲ್ಲಿ ಈ ಹೆಸರಿನಿಂದ ವಿವರಿಸಿದ. ಆ ಹೆಸರು ನನಗೆ ಒಪ್ಪಿಗೆಯಿಲ್ಲ. ಒಂದೇ ಕೋಶ ಐವತ್ತು ಎಳೆಗಳವರೆಗೂ ಕೊಂಬೆ ಚಾಚಿ ಸುತ್ತಬಲ್ಲದು. ಕೈಕಾಲಿನ ನರಗಳಲ್ಲಿ ಹೊದಿಕೆ ಸುತ್ತುವ ಶ್ವಾನ್ ಕೋಶಕ್ಕೆ ಒಂದೇ ಎಳೆಯ ಒಂದು ತುಂಡಷ್ಟೇ ಪಾಲು. ಐವತ್ತು ಕೊಂಬೆಯ ಗಿಡ ತೋಟದಲ್ಲಿ ಕಂಡರೆ ಕೊಂಬೆ ಸವರುವ ಕಸಿಯವರು ಕತ್ತಿ ಹಿಡಿದು ಬರುತ್ತಾರೆ!

ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಕೆಲವು ವಾರಗಳಲ್ಲಿ ಕೆಂಪು ಮರಳಿತು. ಉಳಿದದ್ದು ಒಂದು ಚೇಷ್ಟೆ: ಹಂಡೆಯ ಸುಡುನೀರು ಮಿಂದರೆ ಬಲಗಣ್ಣು ಅರ್ಧ ಗಂಟೆ ಮಂಜು. ಹೊದಿಕೆ ಕೆಟ್ಟ ಎಳೆ ಮೈ ಕಾವೇರಿದರೆ ಸುದ್ದಿ ದಾಟಿಸಲಾರದು, ತಣಿದರೆ ಮತ್ತೆ ಸರಿ. ಉಥಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯ ಇದನ್ನು 1890ರಲ್ಲೇ ಬರೆದಿದ್ದಾನೆ. ಸೌದೆ ಕಡಿಮೆ ಹಾಕಿ ಎಂದರೆ ಅಮ್ಮ, "ಈ ಚಳಿಗೆ ತಣ್ಣೀರು ಮೀಯುತ್ತೀಯಾ?" ಎಂದು ಇನ್ನೊಂದು ಕೊರಡು ತುರುಕುತ್ತಾಳೆ.

ಈಗ ಹಣ್ಣು ತೂಗಿಸಿದ ಮೇಲೆಯೇ ನನ್ನ ಸ್ನಾನ.