ಚಾರ್ಜ್ ತುಂಬಿದ ಗೋಳ ಸಿಡಿಯದೆ ನಿಲ್ಲುವ ಲೆಕ್ಕ

ರಾಯಚೂರು, 21 ಏಪ್ರಿಲ್ 2024, ಭಾನುವಾರ

ಹೊರಗೆ ಕಾಲಿಡಲಾಗದ ಬಿಸಿಲು. ಇಡೀ ಮಧ್ಯಾಹ್ನ ಭೌತವಿಜ್ಞಾನಿ ಎಸ್. ಡಿ. ಮಜುಂದಾರ್ ಅವರ ಲೆಕ್ಕ ಹಿಡಿದು ಕೂತೆ.

ವಿಷಯ ಇಷ್ಟೇ. ಬಾಹ್ಯಾಕಾಶದಲ್ಲಿ ಒಂದು ದೊಡ್ಡ ಧೂಳಿನ ಗೋಳ ಇದೆ, ಒಳಗೆ ಒತ್ತಡವೇ ಇಲ್ಲ, ಕಣಗಳಿಗೆಲ್ಲ ಒಂದೇ ಬಗೆಯ ವಿದ್ಯುತ್ ಚಾರ್ಜ್. ಗುರುತ್ವ ಒಳಗೆ ಎಳೆಯುತ್ತದೆ, ಚಾರ್ಜ್ ಹೊರಗೆ ತಳ್ಳುತ್ತದೆ. ನ್ಯೂಟನ್ ಲೆಕ್ಕದಲ್ಲಿ ಎರಡನ್ನೂ ಸರಿದೂಗಿಸುವುದು ಸುಲಭ, ಯಾಕೆಂದರೆ ಎರಡು ಬಲವೂ ದೂರದ ವರ್ಗಕ್ಕೆ ತಕ್ಕಂತೆ ಕಮ್ಮಿಯಾಗುತ್ತವೆ. ಆದರೆ ಐನ್‌ಸ್ಟೈನ್ ಸಿದ್ಧಾಂತದಲ್ಲಿ ವಿದ್ಯುತ್ ಕ್ಷೇತ್ರದ ಶಕ್ತಿಯೂ ಎಳೆಯುತ್ತದೆ. ಹಾಗಾದರೆ ಲೆಕ್ಕ ಕೆಡಬೇಕಿತ್ತು ಅಲ್ವಾ? ಕೆಡುವುದಿಲ್ಲ! 1947ರಲ್ಲಿ ಮಜುಂದಾರ್ ಒಂದು ಕಡೆ, ಪಾಪಪೆಟ್ರೂ ಅನ್ನುವ ಇನ್ನೊಬ್ಬ ವಿಜ್ಞಾನಿ ಇನ್ನೊಂದು ಕಡೆ ಇದನ್ನು ತೋರಿಸಿದರು. ಗೋಳವೇ ಆಗಬೇಕೆಂದೂ ಇಲ್ಲ, ಯಾವ ಆಕಾರವಾದರೂ ನಿಲ್ಲುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ.

ಸಂಜೆ ಅಕ್ಕನ ಮಗ ಬಂದ. ಶಕ್ತಿನಗರದ ಥರ್ಮಲ್ ಪ್ಲಾಂಟಿನಲ್ಲಿ ಟ್ರೈನಿ, ತಲೆಯಲ್ಲಿ ಯಾವಾಗಲೂ ಇನ್ಸುಲೇಟರ್, ಅಂದರೆ ಕರೆಂಟ್ ಹರಿಯದಂತೆ ತಡೆಯುವ ಸಾಧನ. "ಮಾಮಾ, ಅಷ್ಟು ಚಾರ್ಜ್ ತುಂಬಿದ್ರೆ ಫ್ಲ್ಯಾಶ್‌ಓವರ್ ಆಗಲ್ವಾ?" ಅಂದ, ಅಂದರೆ ಚಾರ್ಜ್ ಕಿಡಿಯಾಗಿ ಹಾರಿ ಹೋಗಲ್ವಾ ಅಂತ. ಒಳ್ಳೆ ಪ್ರಶ್ನೆ. ಬೇಕಾದ ಚಾರ್ಜ್ ಎಷ್ಟು ಅಂತ ಕೂತು ಲೆಕ್ಕ ಹಾಕಿದೆವು: ಒಂದು ಕಿಲೋಗೆ 8.6×10⁻¹¹ ಕೂಲಂ (ಕೂಲಂ ಅಂದರೆ ಚಾರ್ಜಿನ ಅಳತೆ). ಹೈಡ್ರೋಜನ್ ಆದರೆ ಸುಮಾರು 10¹⁸ ಪರಮಾಣುಗಳಲ್ಲಿ ಒಂದೇ ಒಂದು ಎಲೆಕ್ಟ್ರಾನ್ ಕಮ್ಮಿ ಇದ್ದರೆ ಸಾಕು. "ಇಷ್ಟೇನಾ!" ಅಂತ ನಕ್ಕ. ಆದರೆ ಸೂರ್ಯನಷ್ಟು ದ್ರವ್ಯಕ್ಕೆ ಅದು 1.7×10²⁰ ಕೂಲಂ ಆಗುತ್ತದೆ, ಮತ್ತು ಹೊರಗೆ ಸುಮ್ನೆ ಅಡ್ಡಾಡುವ ಒಂದು ಎಲೆಕ್ಟ್ರಾನನ್ನು ಆ ಚಾರ್ಜ್ ಗುರುತ್ವಕ್ಕಿಂತ 10²¹ ಪಟ್ಟು ಜಾಸ್ತಿ ಜೋರಾಗಿ ಎಳೆಯುತ್ತದೆ. ಸುತ್ತಲಿನ ಎಲೆಕ್ಟ್ರಾನ್‌ಗಳೆಲ್ಲ ನುಗ್ಗಿ ಬಂದು ಚಾರ್ಜ್ ಅಳಿಸಿಹಾಕುತ್ತವೆ. ನಿಜವಾದ ನಕ್ಷತ್ರ ಹೀಗೆ ಇರಲಾರದು. ಅವನ ಅನುಮಾನ ಪೂರ್ತಿ ಸುಳ್ಳಲ್ಲ.

ಮತ್ಯಾಕೆ ಈ ಲೆಕ್ಕ? ಚಾರ್ಜ್ ಇಲ್ಲದ ನಕ್ಷತ್ರವನ್ನು ಒತ್ತಡ ತಡೆದು ನಿಲ್ಲಿಸುತ್ತದೆ, ಆದರೆ ಒತ್ತಡಕ್ಕೂ ಎಳೆಯುವ ಗುಣ ಇದೆ. ಗೋಳ ಚಿಕ್ಕದಾದಷ್ಟೂ ಜಾಸ್ತಿ ಒತ್ತಡ ಬೇಕು, ಆ ಒತ್ತಡವೇ ಇನ್ನಷ್ಟು ಎಳೆಯುತ್ತದೆ, ಕೊನೆಗೆ ನಡುವಿನ ಒತ್ತಡ ಅನಂತವಾಗುತ್ತದೆ. 1959ರಲ್ಲಿ ಬುಕ್‌ಡಾಲ್ ಅನ್ನುವ ವಿಜ್ಞಾನಿ ಇದಕ್ಕೆ ಮಿತಿ ಹೇಳಿದರು. ಹೊರಕ್ಕೆ ಹೋದಂತೆ ಸಾಂದ್ರತೆ ಏರಬಾರದು ಅನ್ನುವ ಷರತ್ತಿನಲ್ಲಿ, ಸೂರ್ಯನಷ್ಟು ದ್ರವ್ಯದ ಗೋಳದ ತ್ರಿಜ್ಯ ಸುಮಾರು 3.3 ಕಿಲೋಮೀಟರಿಗಿಂತ ಕಮ್ಮಿ ಇರಲಾರದು. ಚಾರ್ಜ್ ಧೂಳಿಗೆ ಆ ಅಡ್ಡಿ ಇಲ್ಲ, ಅಷ್ಟೇ ದ್ರವ್ಯ, ಅಷ್ಟೇ ಚಾರ್ಜ್ ಇರುವ ಕಪ್ಪುಕುಳಿಯ ಅಂಚಿಗೆ, ಅಂದರೆ ಸುಮಾರು ಒಂದೂವರೆ ಕಿಲೋಮೀಟರಿಗೆ, ಎಷ್ಟು ಹತ್ತಿರ ಬೇಕಾದರೂ ಹೋಗಿ ನಿಲ್ಲಬಹುದು ಅಂತ ಬಾನರ್ ಅನ್ನುವ ವಿಜ್ಞಾನಿ ತೋರಿಸಿದರು. ಒತ್ತಡ ಕೈಕೊಡುವ ಕಡೆ ಚಾರ್ಜ್ ಹಿಡಿದುಕೊಳ್ಳುತ್ತದೆ.

ಒತ್ತಡ, ಚಾರ್ಜ್ ಎರಡೂ ಇರುವ ಗೋಳಕ್ಕೆ ಭೌತವಿಜ್ಞಾನಿ ಬೆಕೆನ್‌ಸ್ಟೈನ್ 1971ರಲ್ಲಿ ಕೊಟ್ಟ ಸಮೀಕರಣವನ್ನು ನಾಳೆ ಕಂಪ್ಯೂಟರಿಗೆ ಹಾಕಬೇಕು. ಕರೆಂಟ್ ಇದ್ದರೆ.