ವಾರ ಕೇಳಿದರೆ ಸಾರು ಎಂದ ಅಜ್ಜಿ

"ಇವತ್ತು ಯಾವ ವಾರ ಅಜ್ಜಿ?"

"ಸೊಪ್ಪಿನ ಸಾರು."

ಮೊನ್ನೆ ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ನಡೆದ ಮಾತು. ಮರೆವಿನ ಪರೀಕ್ಷೆ ಮಾಡುತ್ತಿದ್ದ ಹುಡುಗ ಇಂಟು ಮಾರ್ಕ್ ಹಾಕಿದ. "ನೋಡಿದ್ರಾ, ಮನೇಲೂ ಹೀಗೇನೇ" ಅಂದ ಮಗ. ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನಾದರು. ಹೊರಗೆ ಬಸ್ಸಿನ ಹಾರ್ನು, ತಲೆಯ ಮೇಲೆ ಗರಗರ ಫ್ಯಾನು. ಹುಡುಗ ಮಾಸ್ಕ್ ಹಾಕಿಕೊಂಡು, ಕಾಗದ ನೋಡಿಕೊಂಡೇ ಪ್ರಶ್ನೆ ಕೇಳುತ್ತಿದ್ದ.

ಯಾವ ವಾರ? ಸೊಪ್ಪಿನ ಸಾರು. ಅದು ಮರೆವಲ್ಲ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ಕೀಚಲು ಸದ್ದುಗಳು. ಸ್ವರಗಳು ಕೇಳುತ್ತವೆ, ವ್ಯಂಜನಗಳು ಮಸುಕಾಗುತ್ತವೆ. ಅಜ್ಜಿಗೆ ಕೇಳಿಸಿದ್ದು ಬರೀ 'ಆರ'. ತಪ್ಪಿಹೋದ ಮೊದಲ ಅಕ್ಷರವನ್ನು ಮಿದುಳು ಊಹಿಸಿಕೊಂಡಿತು. ಅಡುಗೆ ಅರ್ಧಕ್ಕೇ ಬಿಟ್ಟು ಬಂದವರಿಗೆ ಅಲ್ಲಿ ಸಾರೇ ಹೊಂದಿತು. ತಾವು ಕೇಳಿಸಿಕೊಂಡ ಪ್ರಶ್ನೆಗೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ನರ್ಸಮ್ಮ ಒಬ್ಬರು ಅದೇ ಪ್ರಶ್ನೆಯನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸಿದರು. "ಗುರುವಾರ. ರಾಯರ ಮಠಕ್ಕೆ ಹೋಗೋದಿತ್ತು, ಇಲ್ಲಿಗೆ ಕರ್ಕೊಂಡು ಬಂದ" ಅಂದರು ಅಜ್ಜಿ.

ಮಗ ಕೆಟ್ಟವನಲ್ಲ, ರಜೆ ಹಾಕಿ ಬಂದವನು. ಆದರೆ ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅವರು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಮಾತಾಡಿದ್ದು ಸರಿಯಲ್ಲ. ಮಂದಗಿವಿಯವರು ಜನರಿಂದ ದೂರ ಸರಿಯುವುದು ಹೀಗೆಯೇ. ಮಾತು ಊಹಿಸುವುದಕ್ಕೇ ಮಿದುಳಿನ ಶಕ್ತಿ ಖರ್ಚಾದರೆ ನೆನಪಿಟ್ಟುಕೊಳ್ಳಲು ಉಳಿಯುವುದೂ ಕಡಿಮೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬರದಂತೆ ನಾವು ಸರಿಪಡಿಸಿಕೊಳ್ಳಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವುಡೂ ಒಂದು. ಹಾಗಂತ ಕಿವಿ ಮೆಷಿನ್ನು ಮರೆವಿಗೆ ಔಷಧಿಯಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ, ಕಿವಿ ಮಂದವಾದ 977 ಜನರಲ್ಲಿ ಕೆಲವರಿಗೆ ಮೆಷಿನ್ ಕೊಟ್ಟು, ಎಲ್ಲರನ್ನೂ ಮೂರು ವರ್ಷ ಗಮನಿಸಿದ ಅಚೀವ್ ಎಂಬ ಅಧ್ಯಯನ 2023ರಲ್ಲಿ ಹೊರಬಂತು. ಒಟ್ಟಾರೆ ನೋಡಿದರೆ ಮೆಷಿನ್ ಸಿಕ್ಕವರಿಗೂ ಸಿಗದವರಿಗೂ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಮೊದಲೇ ಹೆಚ್ಚಿದ್ದವರಲ್ಲಿ ಮಾತ್ರ, ಮೆಷಿನ್ ಸಿಕ್ಕವರಿಗೆ, ಬುದ್ಧಿ ಕುಗ್ಗುವ ವೇಗ 48% ಇಳಿದಿತ್ತು.

ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ ಗುಗ್ಗೆ ತೆಗೆಸಿ. ಬಡ್ಸ್ ಹಾಕಿ ಕೆದಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಎರಡೂ ಕಿವಿಗೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ. ಮೆಷಿನ್ ಬಂದ ಹೊಸದರಲ್ಲಿ ದಿನಕ್ಕೆ ಎರಡು ಮೂರು ಗಂಟೆ, ಮನೆಯೊಳಗೇ ಹಾಕಿಕೊಳ್ಳಲಿ. ಪಾತ್ರೆ ಸದ್ದು ಕಿವಿಗೆ ಚುಚ್ಚಿದಂತೆ ಕೇಳುತ್ತದೆ. ಮಿದುಳು ಹೊಂದಿಕೊಳ್ಳಲು ಕೆಲವು ವಾರ ಬೇಕು. ಈ ವಾರಗಳಲ್ಲೇ ಎಷ್ಟೋ ಮೆಷಿನ್ನುಗಳು ಬೀರು ಸೇರಿಬಿಡುತ್ತವೆ. ಸದ್ದು ನಿಂತರೆ ಕೆಟ್ಟಿದೆ ಅಂದುಕೊಳ್ಳಬೇಡಿ: ತುದಿಯ ಫಿಲ್ಟರಿನಲ್ಲಿ ಗುಗ್ಗೆ ಕಟ್ಟಿರಬಹುದು, ಇಲ್ಲವೇ ಸೆಲ್ ಮುಗಿದಿರಬಹುದು. ಹೊಸ ಸೆಲ್ಲಿನ ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ.

ಮಾತಾಡುವಾಗ ಕಿರುಚಬೇಡಿ, ಮಾತು ಇನ್ನೂ ಒಡೆದಂತೆ ಕೇಳುತ್ತದೆ. ಮಿಕ್ಸಿ, ಟಿವಿ ಆರಿಸಿ, ಬೆಳಕಿನಲ್ಲಿ ಎದುರಿಗೆ ಬಂದು, ಮೊದಲು ಕರೆದು ಆಮೇಲೆ ವಿಷಯ ಹೇಳಿ.

ಅಜ್ಜಿ "ಗುರುವಾರ" ಎಂದ ಮೇಲೂ ಕಾಗದದಲ್ಲಿ ಇಂಟು ಮಾರ್ಕ್ ಹಾಗೇ ಇತ್ತು. ಕಿವಿ ತೋರಿಸಿಕೊಂಡು ಬಂದ ಮೇಲೆ ಇಡೀ ಪರೀಕ್ಷೆಯನ್ನು ಹೊಸ ಕಾಗದದಲ್ಲಿ ಮಾಡಬೇಕು.