ಗಲ್ಲಾದಲ್ಲೇ ಉಳಿದ ಐವತ್ತು ರೂಪಾಯಿ

ರಾಯಚೂರಿನ ಒಂದು ಊಟದ ಹೋಟೆಲಿನಲ್ಲಿ ನಾನು ಒಂಬತ್ತು ವರ್ಷಗಳಿಂದ ಗಲ್ಲಾ ನೋಡಿಕೊಳ್ಳುತ್ತಿದ್ದೇನೆ. ಸೇರಿದ ಹೊಸದರಲ್ಲಿ ಟಿಪ್ಸ್ ಎಂಬುದು ನನ್ನ ಕೈಗೆ ಬರುವ ವಿಷಯವೇ ಆಗಿರಲಿಲ್ಲ. ಸಪ್ಲೈಯರ್ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ತಂದಿಡುತ್ತಿದ್ದ, ಗ್ರಾಹಕರು ಅದರಲ್ಲಿ ಹತ್ತೋ ಇಪ್ಪತ್ತೋ ಬಿಟ್ಟು ಏಳುತ್ತಿದ್ದರು, ಅವನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಫೋನಿನಲ್ಲಿ ಹಣ ಕೊಡುವುದು ರೂಢಿಯಾದ ಮೇಲೆ ಆ ತಟ್ಟೆಯಲ್ಲಿ ಸೋಂಪು ಮಾತ್ರ ಉಳಿಯಿತು. ಈಗ ಗ್ರಾಹಕರು ಗಲ್ಲಾದ ಹತ್ತಿರ ಬಂದು ಸ್ಕ್ಯಾನ್ ಮಾಡುತ್ತಾರೆ. 180ರ ಬಿಲ್ಲಿಗೆ 200 ಹಾಕಿ, "ಇಪ್ಪತ್ತು ಆ ಹುಡುಗಗ ಕೊಡ್ರಿ" ಎಂದು ಹೇಳಿ ಹೋಗುತ್ತಾರೆ. ಹಣ ಸೇರುವುದು ಹೋಟೆಲಿನ ಮಾಲೀಕರಾದ ಸಾವಕಾರರ ಖಾತೆಗೆ. ಕೈ ಬಿಡುವಿದ್ದರೆ ನಾನು ಪೆಟ್ಟಿಗೆಯಿಂದ ನೋಟು ತೆಗೆದು ಕೊಡುತ್ತಿದ್ದೆ, ಗದ್ದಲವಿದ್ದರೆ ಮರೆಯುತ್ತಿದ್ದೆ. ರಾತ್ರಿ ಲೆಕ್ಕ ಹೊಂದಿಸುವಾಗ ಎಲ್ಲಾದರೂ ಮೂವತ್ತು ನಲವತ್ತು ಕಡಿಮೆ ಬಿದ್ದರೆ ಈ ಹೆಚ್ಚುವರಿ ಹಣ ಅದನ್ನು ಮುಚ್ಚಿಬಿಡುತ್ತಿತ್ತು. ಅದು ಇನ್ನೊಬ್ಬರ ದುಡ್ಡು ಎಂದು ನನಗೆ ಹೊಳೆಯಲೇ ಇಲ್ಲ.

ಹತ್ತಿಯ ಸುಗ್ಗಿಯಲ್ಲಿ ಒಂದು ರಾತ್ರಿ ಗಂಜಿನ (ಕೃಷಿ ಮಾರುಕಟ್ಟೆಯ) ವ್ಯಾಪಾರಿಯೊಬ್ಬರು ಮನೆಮಂದಿಯೊಂದಿಗೆ ಊಟಕ್ಕೆ ಬಂದಿದ್ದರು. ಬಿಲ್ಲು 1,450 ಆಗಿತ್ತು. ಅವರು 1,500 ಹಾಕಿ, ಉಳಿದದ್ದನ್ನು ಬಡಿಸಿದವನಿಗೆ ಕೊಡಬೇಕೆಂದು ಎರಡು ಸಲ ಹೇಳಿ ಹೋದರು. ನಾನು ಕೊಡಲಿಲ್ಲ, ಮರೆತೆ. ಮರುದಿನ ಮಧ್ಯಾಹ್ನ ಅವರೇ ಮತ್ತೆ ಬಂದು, ನೀರಿಡುತ್ತಿದ್ದ ಆ ಹುಡುಗನನ್ನು ನಾನು ಕೇಳುವಂತೆಯೇ ವಿಚಾರಿಸಿದರು: "ನಿನ್ನೆ ಕೊಟ್ಟಿದ್ದು ಮುಟ್ಟಿತೇನಪ್ಪಾ?" ಅವನು ಒಂದು ಕ್ಷಣ ನನ್ನ ಕಡೆ ನೋಡಿ, "ಹ್ಞೂಂ, ಮುಟ್ಟೈತ್ರಿ" ಎಂದ. ಬಾಗಿಲು ಹಾಕುವ ಹೊತ್ತಿಗೆ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಅಣ್ಣಾರ, ಮುಟ್ಟಿಲ್ಲ ಅಂದ್ರ ನಮ್ಮ ಹೋಟೆಲ್ ಹೆಸರು ಕೆಡ್ತಿತ್ರಿ. ಅದಕ ಹಂಗಂದೆ." ಅವನು ದುಡ್ಡು ಕೇಳಲೂ ಇಲ್ಲ. ನನ್ನ ತಪ್ಪಿಗಾಗಿ ಅವನು ಸುಳ್ಳು ಹೇಳಬೇಕಾಯಿತು ಎಂಬುದು ಆ ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ಮರುದಿನವೇ ಸಾವಕಾರರಿಗೆ ಎಲ್ಲವನ್ನೂ ತಿಳಿಸಿದೆ. ತಮ್ಮ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣ ಎಂದೇ ಅವರು ತಿಳಿದಿದ್ದರು. 2016ರಲ್ಲಿ ಆದಾಯ ತೆರಿಗೆಯ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನೇ ಇತ್ಯರ್ಥ ಮಾಡಿದೆ: ಗ್ರಾಹಕರು ಬಿಲ್ಲಿನ ಜೊತೆ ಕಾರ್ಡಿನ ಮೂಲಕ ಕೊಟ್ಟ ಟಿಪ್ಸನ್ನು ಹೋಟೆಲು ನೌಕರರಿಗೆ ಹಂಚಿದಾಗ ಅದು ಮಾಲೀಕ ಕೊಟ್ಟ ಸಂಬಳವಾಗುವುದಿಲ್ಲ, ಏಕೆಂದರೆ ಆ ಹಣವನ್ನು ಅವನು ನೌಕರರ ಪರವಾಗಿ ನಂಬಿಕೆಯ ಮೇಲೆ ಹಿಡಿದುಕೊಂಡಿರುತ್ತಾನೆ. ಹಾಗಾದರೆ ಬಿಲ್ಲಿನಲ್ಲೇ ಶೇ. 5ರಷ್ಟು ಸರ್ವಿಸ್ ಚಾರ್ಜ್ ಹಾಕಿ ಎಲ್ಲರಿಗೂ ಹಂಚೋಣವೇ ಎಂದು ಸಾವಕಾರರು ಕೇಳಿದರು. ಅದಕ್ಕೂ ಅವಕಾಶವಿಲ್ಲ. ಗ್ರಾಹಕರನ್ನು ಕೇಳದೆ ಬಿಲ್ಲಿಗೆ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ, ಅದನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಎತ್ತಿಹಿಡಿದಿದೆ. ಕಾನೂನಿನ ಮಾತು ಹಾಗಿರಲಿ, ನಮ್ಮಲ್ಲಿಗೆ ಹತ್ತಿ ಮಾರಲು ಬಂದ ರೈತರು ಬರುತ್ತಾರೆ, ರಿಮ್ಸ್ ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಒಂದು ಊಟ ಕಟ್ಟಿಸಿಕೊಳ್ಳಲು ಬಂದವರು ನಿಂತಲ್ಲೇ ನೋಟು ಎಣಿಸುತ್ತಾರೆ. ಅವರಿಂದ ಮೆಚ್ಚುಗೆಯ ಹಣವನ್ನು ಕಡ್ಡಾಯವಾಗಿ ಕೀಳಲು ನನಗಂತೂ ಕೈ ಬರುವುದಿಲ್ಲ.

ಕೊನೆಗೆ ಒಂದು ನೋಟ್‌ಬುಕ್ ತಂದೆವು. ಬಿಲ್ಲಿಗಿಂತ ಹೆಚ್ಚಾಗಿ ಬಂದ ಪ್ರತಿ ರೂಪಾಯಿಯನ್ನು ಟೇಬಲ್ ನಂಬರಿನೊಂದಿಗೆ ಅದರಲ್ಲಿ ಬರೆದು, ಅಂದು ರಾತ್ರಿಯೇ ಪೆಟ್ಟಿಗೆಯಿಂದ ತೆಗೆದು ಕೊಡುತ್ತೇನೆ. ಕಷ್ಟವಾದದ್ದು ಹಂಚಿಕೆ. ಹಿರಿಯ ಸಪ್ಲೈಯರ್ ಒಬ್ಬರು, ತಮ್ಮ ಟೇಬಲಿನ ಭಕ್ಷೀಸು ತಮ್ಮದೇ ಎಂದು ಪಟ್ಟು ಹಿಡಿದರು. ಇಡೀ ದಿನ ನಿಂತು, ನಗುತ್ತ, ಬೈಗುಳವನ್ನೂ ಕೇಳಿಸಿಕೊಂಡು ಬಡಿಸುವವರು ಅವರು. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಟೇಬಲಿಗೊಬ್ಬ ಒಡೆಯನಾದಾಗ ಏನಾಗುತ್ತದೆ ಎಂಬುದನ್ನೂ ಗಲ್ಲಾದಲ್ಲಿ ಕುಳಿತು ನೋಡಿದ್ದೇನೆ. ಕೈ ಬಿಚ್ಚಿ ಕೊಡುವವರ ಟೇಬಲಿಗೆ ಕೇಳುವ ಮೊದಲೇ ಎರಡನೇ ಸಲ ಸಾರು ಬರುತ್ತದೆ, ಹಳ್ಳಿಯಿಂದ ಬಂದ ಮುದುಕ ಮಾತ್ರ ಒಂದು ಲೋಟ ನೀರಿಗಾಗಿ ಕೈ ಎತ್ತಿಕೊಂಡೇ ಕೂತಿರುತ್ತಾನೆ. ಆದ್ದರಿಂದ ಅರ್ಧ ಬಡಿಸಿದವರಿಗೆ, ಉಳಿದರ್ಧ ಒಳಗಿನ ಎಲ್ಲರಿಗೂ ಎಂದು ಒಪ್ಪಿಕೊಂಡೆವು. ತಟ್ಟೆಯಲ್ಲಿ ನಗದಾಗಿ ಬಿಟ್ಟದ್ದನ್ನು ಯಾರೂ ಕೇಳುವುದಿಲ್ಲ.

ಮೊದಲ ರಾತ್ರಿ ಪಾತ್ರೆ ತೊಳೆಯುವ ಅಕ್ಕನಿಗೆ 18 ರೂಪಾಯಿ ಬಂತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡ ಆಕೆ, "ಇದು ಪಗಾರದಾಗ ಹಿಡೀತೀರೇನ್ರೀ?" ಎಂದು ಕೇಳಿದರು. ಹದಿನಾಲ್ಕು ವರ್ಷ ದುಡಿದರೂ ಊಟ ಮಾಡಿದವರ ಮೆಚ್ಚುಗೆ ಆಕೆಯವರೆಗೆ ಒಮ್ಮೆಯೂ ತಲುಪಿರಲಿಲ್ಲ. ಆಕೆಯ ಅನುಮಾನ ಸುಳ್ಳೇನಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ "ಇಲ್ಲಿ ಟಿಪ್ಸ್ ಚೆನ್ನಾಗಿ ಬರುತ್ತದೆ" ಎಂದು ಹೇಳಿ ಸಂಬಳ ಕಡಿಮೆ ಮಾಡುವ ಮಾಲೀಕರನ್ನು ನಾನು ಕಂಡಿದ್ದೇನೆ. ಸಂಬಳ ಕೊಡಬೇಕಾದವನು ಮಾಲೀಕ, ಆ ಭಾರವನ್ನು ಗ್ರಾಹಕರ ಜೇಬಿಗೆ ದಾಟಿಸುವುದು ಅನ್ಯಾಯ.

ಡೆಲಿವರಿ ಹುಡುಗರು ನಮ್ಮ ನೌಕರರಲ್ಲ, ಆದರೆ ದಿನಕ್ಕೆ ಹತ್ತಾರು ಸಲ ನನ್ನೆದುರೇ ನಿಲ್ಲುವವರು. ಏಪ್ರಿಲ್-ಮೇ ತಿಂಗಳ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಅವರು ಹೆಲ್ಮೆಟ್ ತೆಗೆದರೆ ಹಣೆಯ ಮೇಲೆ ಕೆಂಪು ಗೆರೆ ಬಿದ್ದಿರುತ್ತದೆ. ಆರ್ಡರ್ ಹಾಕುವಾಗಲೇ ಟಿಪ್ ಕೇಳುವ ಆ್ಯಪ್‌ಗಳಿವೆ. ಬೇಗ ಸೇವೆ ಸಿಗಲೆಂದು ಮುಂಗಡ ಟಿಪ್ ಕೇಳಿದ ಟ್ಯಾಕ್ಸಿ ಆ್ಯಪ್ ಒಂದನ್ನು 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು ಬಹಿರಂಗವಾಗಿಯೇ ಆಕ್ಷೇಪಿಸಿದ್ದರು. ನನ್ನ ಅಭಿಪ್ರಾಯವೂ ಅದೇ. ನಾನು ಮನೆಗೆ ಊಟ ತರಿಸಿದರೆ ಬಂದವನಿಗೆ ಮೊದಲು ನೀರು ಕೊಟ್ಟು, ಆಮೇಲೆ ಹಣವನ್ನು ಅವನ ಕೈಗೇ ಕೊಡುತ್ತೇನೆ, ಚಿಲ್ಲರೆ ಇಲ್ಲದಿದ್ದರೆ ಅವನ ಫೋನಿಗೇ ಹಾಕುತ್ತೇನೆ.

ಗ್ರಾಹಕರು ಇನ್ನೊಂದು ವಿಷಯವನ್ನು ಅರಿತರೆ ಒಳ್ಳೆಯದು. ಊಟ ತಡವಾಗಿ ಬಂತೆಂದು ಟಿಪ್ ಕೊಡದೆ, ರೇಟಿಂಗನ್ನೂ ಕಡಿಮೆ ಮಾಡಿ ಕಳಿಸುವವರಿದ್ದಾರೆ. ಆ ತಡ ಎಷ್ಟೋ ಸಲ ನಮ್ಮ ಅಡುಗೆಮನೆಯದು. ರೊಟ್ಟಿ ಬೇಯುವುದು ತಡವಾಗಿ, ಪಾರ್ಸಲಿಗಾಗಿ ಹುಡುಗ ಗಲ್ಲಾದ ಪಕ್ಕದಲ್ಲಿ ಇಪ್ಪತ್ತೈದು ನಿಮಿಷ ನಿಂತದ್ದನ್ನು ನಾನೇ ನೋಡಿದ್ದೇನೆ, ಅವನ ಪಾಲಿನ ಬೈಗುಳ ಮಾತ್ರ ಗಿರಾಕಿಯ ಬಾಗಿಲಲ್ಲಿ ಕಾದಿರುತ್ತದೆ. ಅದಕ್ಕಾಗಿ ಈಚೆಗೆ ಪಾರ್ಸಲ್ ಚೀಲದ ಮೇಲೆ ಹುಡುಗ ಬಂದ ಹೊತ್ತನ್ನೂ ನಾವು ಕಟ್ಟಿಕೊಟ್ಟ ಹೊತ್ತನ್ನೂ ಪೆನ್ನಿನಿಂದ ಬರೆದು, ಕೆಳಗೆ "ತಡ ನಮ್ಮದು" ಎಂದು ಸೇರಿಸಿ ಕಳಿಸುತ್ತಿದ್ದೇನೆ.